ಐರನ್ ಡ್ರಿಪ್ ಹಾಕಿದ ಮೇಲೆ ಹತ್ತಿರ ಒಬ್ಬರು ಇರಲಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಶಿವಮೊಗ್ಗ.

ವಿಷಯ: ಗರ್ಭಿಣಿಯರಿಗೆ ಡ್ರಿಪ್ ಮೂಲಕ ಕಬ್ಬಿಣಾಂಶದ ಔಷಧ ಕೊಡುವಾಗ ಇರಬೇಕಾದ ಎಚ್ಚರಿಕೆಗಳ ಬಗ್ಗೆ.

ಮಾನ್ಯರೇ,

‘ರಕ್ತ ಕಮ್ಮಿ ಇದೆ, ಐರನ್ ಬಾಟ್ಲಿ ಹಾಕಿಸಬೇಕಂತೆ.’ ನಮ್ಮ ಕಡೆ ಬಸುರಿ ಇರುವ ಮನೆಗಳಲ್ಲಿ ಈ ಮಾತು ಈಗ ತುಂಬ ಕೇಳಿಸುತ್ತದೆ. ಆ ಬಾಟ್ಲಿಯ ವಿಷಯಕ್ಕೇ ತಮಗೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಔಷಧ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಬೇಕು, ಇನ್ನೂ ಜಾಸ್ತಿ ಜನರಿಗೆ ಸಿಗಬೇಕು. ಅದನ್ನು ಹಾಕುವಾಗ, ಹಾಕಿದ ಮೇಲೆ ಅರ್ಧ ಗಂಟೆ, ಪಕ್ಕದಲ್ಲಿ ತಿಳಿದವರು ಒಬ್ಬರು ಇರಬೇಕು. ನಾನು ಕೇಳುವುದರಲ್ಲಿ ಮುಖ್ಯವಾದದ್ದು ಇದೇ.

ಔಷಧ ಯಾಕೆ ಬೇಕು ಅನ್ನುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡ 52ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಕಮ್ಮಿ, 7ಕ್ಕಿಂತ ಕೆಳಗಿದ್ದರೆ ತೀರಾ ಕಮ್ಮಿ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಕಾರಣಗಳು ಬೇಕಾದಷ್ಟಿವೆ. ಬರಿಗಾಲಲ್ಲಿ ತೋಟ, ಗದ್ದೆ ತಿರುಗುವವರಿಗೆ ಕೊಕ್ಕೆಹುಳು ಸೇರಿಕೊಳ್ಳುತ್ತದೆ. ಊಟವಾದ ಕೂಡಲೇ ಚಹಾ, ಕಾಫಿ ಕುಡಿಯುವುದರಿಂದ ಅನ್ನದಲ್ಲಿ, ಸೊಪ್ಪಿನಲ್ಲಿ ಇದ್ದ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆಶಾ ಅಕ್ಕ ಮನೆಗೇ ತಂದುಕೊಟ್ಟ ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅರ್ಧ ಜನ ಡಬ್ಬಿಯಲ್ಲೇ ಉಳಿಸುತ್ತಾರೆ. ಏಳು ತಿಂಗಳು ತುಂಬುವ ಹೊತ್ತಿಗೆ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಏಳೋ ಎಂಟೋ. ಹೆರಿಗೆಗೆ ಉಳಿದಿರುವುದು ಸ್ವಲ್ಪವೇ ದಿನ. ಅಂಥವರಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಾತ್ರೆಗೆ ಕಾಯುವ ಸಮಯವೂ ಇರುವುದಿಲ್ಲ. ಆಗ ಡ್ರಿಪ್ ನಿಜವಾಗಿ ಜೀವ ಉಳಿಸುತ್ತದೆ.

ಹಾಗಾಗಿಯೇ ನಾನು ನೋಡಿದ್ದನ್ನು ಹೇಳದೆ ಇರಲು ಆಗುತ್ತಿಲ್ಲ. ನನ್ನ ಮಗಳಿಗೂ ಇದೇ ಔಷಧ ಬರೆದಿದ್ದರು. ಅವಳ ಜೊತೆ ನಾನು ಹೋಗಿದ್ದು ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಗೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಹೆಸರು ಬರೆದರೆ ಅಲ್ಲಿನ ಒಬ್ಬ ಸಿಸ್ಟರ್‌ಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ನನಗೆ ಅದು ಬೇಡ.

ಅವತ್ತು ತಿಂಗಳ ಒಂಬತ್ತನೇ ತಾರೀಖು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ದಿನ. ಸುತ್ತಲಿನ ಹಳ್ಳಿಗಳ ಗರ್ಭಿಣಿಯರೆಲ್ಲ ಒಂದೇ ಬೆಳಿಗ್ಗೆ ಬಂದಿದ್ದರು. ಬಂದಿದ್ದಾರಲ್ಲ, ಇವತ್ತೇ ಡ್ರಿಪ್ಪೂ ಆಗಿಹೋಗಲಿ ಎಂದು ಒಟ್ಟಿಗೆ ಹಾಕುತ್ತಿದ್ದರು. ಮಂಚಗಳು ತುಂಬಿದ್ದವು. ಕೆಲವರು ಬೆಂಚಿನ ಮೇಲೆ ಕೂತೇ ಕೈ ಚಾಚಿದ್ದರು. ವಾರ್ಡಿಗೆ ಇದ್ದದ್ದು ಒಬ್ಬರೇ ಸಿಸ್ಟರ್. ರಿಜಿಸ್ಟರ್ ಬರೆಯುವುದು, ಬಿಪಿ ನೋಡುವುದು, ಸೂಜಿ ಚುಚ್ಚುವುದು, ಔಷಧ ಬೆರೆಸುವುದು ಎಲ್ಲ ಅವರೇ. ನಡುವೆ ಹೆರಿಗೆ ಕೋಣೆಯಿಂದ ಕೂಗು ಬಂದರೆ ಅಲ್ಲಿಗೂ ಓಡಬೇಕು. ಅವರು ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದದ್ದನ್ನೂ ನಾನು ನೋಡಲಿಲ್ಲ.

ಉಬ್ಬಸ ಇದೆಯಾ, ಹಿಂದೆ ಯಾವುದಾದರೂ ಔಷಧ ಮೈಗೆ ಆಗದೆ ಹೋಗಿದೆಯಾ ಎಂದು ಅಲ್ಲಿ ಯಾರನ್ನೂ ಕೇಳಲಿಲ್ಲ. ಈ ಥಂಡಿ ಹವೆಯಲ್ಲಿ ಉಬ್ಬಸ ಇರುವ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂದು ತಮಗೆ ಗೊತ್ತು. ಉಬ್ಬಸ, ಅಲರ್ಜಿ ಇದ್ದವರಿಗೆ ಈ ಔಷಧದಿಂದ ರಿಯಾಕ್ಷನ್ ಆಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಅದು ಮೊದಲು ಕೇಳಬೇಕಾದ ಪ್ರಶ್ನೆ.

ಮಧ್ಯಾಹ್ನದ ಬಸ್ಸಿನ ಹೊತ್ತು ಹತ್ತಿರವಾಯಿತು. ಜೊತೆಗೆ ಬಂದಿದ್ದ ಮನೆಯವರೊಬ್ಬರು ಎದ್ದು ಟ್ಯೂಬಿನ ಗಾಲಿ ತಿರುಗಿಸಿದರು. ಹನಿ ಹನಿಯಾಗಿ ಇಳಿಯುತ್ತಿದ್ದದ್ದು ಸರಸರ ಇಳಿಯತೊಡಗಿತು. ಅದನ್ನು ನೋಡಿ ಇನ್ನೊಬ್ಬರು ತಮ್ಮ ಸೊಸೆಯ ಬಾಟ್ಲಿಗೂ ಹಾಗೇ ಮಾಡಿದರು. ಬೇಡ ಅನ್ನಲು ಅಲ್ಲಿ ಆಸ್ಪತ್ರೆಯವರು ಯಾರೂ ಇರಲಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಆ ಬಸ್ಸು ತಪ್ಪಿದರೆ ರಾತ್ರಿ ಎಲ್ಲಿ ಉಳಿಯುವುದು ಅನ್ನುವುದು ಅವರ ಚಿಂತೆ. ಆ ಗಾಲಿ ಎಷ್ಟು ಮುಖ್ಯ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಮಗಳ ಪಕ್ಕದ ಮಂಚದಲ್ಲಿ ಒಬ್ಬ ಚಿಕ್ಕ ಹುಡುಗಿ ಇದ್ದಳು. ಚೊಚ್ಚಲ ಬಸುರಿ. ಡ್ರಿಪ್ ಶುರುವಾಗಿ ಸ್ವಲ್ಪ ಹೊತ್ತಿಗೆ ‘ಅತ್ತೆ, ಎದೆ ಬಿಗಿದ ಹಾಗೆ ಆಗ್ತಿದೆ’ ಎಂದಳು. ಮುಖ ಕೆಂಪಾಯಿತು. ಕುತ್ತಿಗೆ ತುರಿಸಿಕೊಳ್ಳತೊಡಗಿದಳು. ಆಮೇಲೆ ಕೆಮ್ಮು, ಉಸಿರು ಸಿಕ್ಕಿಕೊಂಡಿತು. ಅವಳ ಅತ್ತೆ ಕೂಗುತ್ತಾ ಹೊರಗೆ ಓಡಿದರು. ಸಿಸ್ಟರ್ ಹೆರಿಗೆ ಕೋಣೆಯಿಂದ ಓಡಿಬಂದು ಮೊದಲು ಡ್ರಿಪ್ ನಿಲ್ಲಿಸಿದರು. ಅದು ಸರಿಯಾದ ಕೆಲಸ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆಮೇಲೆ ಏವಿಲ್ ಎಂಬ ಅಲರ್ಜಿ ಔಷಧ ಕೊಟ್ಟರು, ಡೆಕ್ಸಾ ಎಂಬ ಸ್ಟೀರಾಯ್ಡ್ ಕೊಟ್ಟರು. ಹುಡುಗಿಯ ಕೈಕಾಲು ತಣ್ಣಗಾಗುತ್ತಿತ್ತು. ಡಾಕ್ಟರು ಬಂದು, ಇಂಥ ಹೊತ್ತಿಗೆ ಕೊಡುವ ಅಡ್ರಿನಲಿನ್ ಔಷಧ ಎಲ್ಲಿ ಎಂದು ಕೇಳಿದರು. ಅದು ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು.

ಬೀಗದ ಕೈ ಸಿಕ್ಕಿತು, ಸೂಜಿ ತೊಡೆಗೆ ಬಿತ್ತು, ಹುಡುಗಿ ಉಸಿರಾಡಿದಳು. 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಬೀಗದ ಕೈ ಹುಡುಕಿದ ಹೊತ್ತನ್ನು ಆ ವಾರ್ಡಿನಲ್ಲಿದ್ದ ಯಾವ ಹೆಣ್ಣೂ ಮರೆಯುವುದಿಲ್ಲ. ಮರುದಿನವೇ ನಮ್ಮ ಊರಿನಲ್ಲಿ ‘ಐರನ್ ಬಾಟ್ಲಿ ಹಾಕಿಸ್ಕೊಂಡ್ರೆ ಸತ್ತೇ ಹೋಗ್ತಾರಂತೆ’ ಎಂದು ಸುದ್ದಿ ಹಬ್ಬಿತು. ನಿಜವಾಗಿ ಡ್ರಿಪ್ ಬೇಕಿದ್ದ ಇಬ್ಬರು ಗರ್ಭಿಣಿಯರು ಆಸ್ಪತ್ರೆ ಕಡೆಗೆ ಹೋಗುವುದನ್ನೇ ಬಿಟ್ಟರು. ನನಗೆ ಹೆಚ್ಚು ಹೆದರಿಕೆಯಾದದ್ದು ಇದರಿಂದ.

ಆಮೇಲೆ ಔಷಧದ ಡಬ್ಬಿಯೊಳಗಿನ ಚೀಟಿ ಓದಿಸಿದೆ. ತಿಳಿದ ವೈದ್ಯರನ್ನು, ಫಾರ್ಮಸಿ ಓದಿದ ಸಂಬಂಧಿಕರನ್ನು ಕೇಳಿದೆ. ಗೊತ್ತಾದದ್ದು ಇಷ್ಟು. ಈಗಿನ ಐರನ್ ಡ್ರಿಪ್‌ಗಳಿಂದ ದೊಡ್ಡ ರಿಯಾಕ್ಷನ್ ಆಗುವುದು ಬಹಳ ಅಪರೂಪ. ಸಣ್ಣದು ಆಗುತ್ತದೆ: ಮುಖ ಕೆಂಪಾಗುವುದು, ಎದೆ, ಬೆನ್ನು ಸ್ವಲ್ಪ ಹಿಡಿದ ಹಾಗೆ ಆಗುವುದು, ಬಾಯಲ್ಲಿ ಲೋಹದ ರುಚಿ. ಬಿಪಿ ಇಳಿದಿಲ್ಲ, ಉಸಿರಿಗೆ ತೊಂದರೆ ಇಲ್ಲ ಎಂದರೆ ಡ್ರಿಪ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅದು ತಾನೇ ಇಳಿಯುತ್ತದೆ. ಡಾಕ್ಟರು ನೋಡಿ ನಿಧಾನವಾಗಿ ಮತ್ತೆ ಶುರು ಮಾಡಬಹುದು. ಹೀಗೆ ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಬೇರೆ ಮಾಡಲು ಹತ್ತಿರದಲ್ಲಿ ನೋಡುವ ಕಣ್ಣು ಬೇಕು, ಬಿಪಿ ಉಪಕರಣ ಬೇಕು. ದೊಡ್ಡ ರಿಯಾಕ್ಷನ್ ಆದರೆ ಮೊದಲ ಔಷಧ ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ. ಏವಿಲ್ ಆಗಲಿ, ಡೆಕ್ಸಾ ಆಗಲಿ ಅದರ ಜಾಗ ತುಂಬುವುದಿಲ್ಲ. ಏವಿಲ್‌ನಿಂದ ಮಂಪರು ಬರುತ್ತದೆ, ಬಿಪಿ ಇಳಿಯಬಹುದು. ಆಗ ರೋಗಿಯ ಸ್ಥಿತಿ ಏನು ಎಂದು ತಿಳಿಯುವುದೇ ಕಷ್ಟವಾಗುತ್ತದೆ. ಅಡ್ರಿನಲಿನ್ ದುಬಾರಿ ಔಷಧವಲ್ಲ, ಒಂದು ಆಂಪೂಲ್‌ಗೆ ಕೆಲವೇ ರೂಪಾಯಿ. ಅಂಥದ್ದನ್ನು ಬೀಗ ಹಾಕಿ ಇಡುವುದು ಯಾಕೆ?

ಟೆಸ್ಟ್ ಡೋಸ್, ಅಂದರೆ ಮೊದಲು ಸ್ವಲ್ಪವೇ ಔಷಧ ಕೊಟ್ಟು ನೋಡುವುದು, ಆಗಿದೆ, ಇನ್ನು ಭಯ ಇಲ್ಲ ಎಂದು ಅಲ್ಲಿ ಹೇಳುತ್ತಿದ್ದರು. ಇದನ್ನು ದಯವಿಟ್ಟು ತಾವು ತಿದ್ದಬೇಕು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಇದರ ಬಗ್ಗೆ ಹೇಳಿದೆ. ಟೆಸ್ಟ್ ಡೋಸ್ ಮೈಗೆ ಹಿಡಿಸಿದವರಿಗೂ ಆಮೇಲೆ ರಿಯಾಕ್ಷನ್ ಆಗಿದೆ, ಆದ್ದರಿಂದ ಅದನ್ನು ನಂಬಿ ಕೂರುವ ಹಾಗಿಲ್ಲ. ಹಿಂದಿನ ಸಲ ಏನೂ ಆಗಿಲ್ಲ ಅನ್ನುವುದೂ ಭರವಸೆ ಅಲ್ಲ. ಪ್ರತಿ ಸಲ ಹಾಕುವಾಗಲೂ ನೋಡಬೇಕು, ಮುಗಿದ ಮೇಲೆ ಕನಿಷ್ಠ 30 ನಿಮಿಷ ಕೂರಿಸಬೇಕು, ತರಬೇತಿ ಆದವರು ಮತ್ತು ತುರ್ತು ಉಪಕರಣ ಇರುವ ಕಡೆ ಮಾತ್ರ ಹಾಕಬೇಕು ಎಂದು ಅದೇ ಸಂಸ್ಥೆ ಹೇಳಿದೆ. ಬಸುರಿನ ಮೊದಲ ಮೂರು ತಿಂಗಳಲ್ಲಿ ಹಾಕಬಾರದು ಎಂದೂ ಹೇಳಿದೆ. ತಾಯಿಗೆ ರಿಯಾಕ್ಷನ್ ಆದರೆ ಮಗುವಿನ ಎದೆಬಡಿತ ನಿಧಾನವಾಗಬಹುದು, ಹಾಗಾಗಿ ಮಗುವಿನ ಬಡಿತವನ್ನೂ ಕೇಳಬೇಕು. ನನ್ನ ಮಗಳ ಡ್ರಿಪ್ ಮುಗಿದಾಗ ಸೂಜಿ ತೆಗೆದು, ಹತ್ತಿ ಒತ್ತಿ, ‘ಆಯ್ತು, ಹೊರಡಿ’ ಎಂದರು. ಪಕ್ಕದಲ್ಲಿ ಅಂಥದ್ದು ನಡೆದ ದಿನವೇ!

ಇನ್ನೊಂದು ವಿಷಯ ಡೋಸಿನದು. ಸಾಮಾನ್ಯವಾಗಿ ಕೊಡುವ ಔಷಧಗಳು ಎರಡು. ಐರನ್ ಸುಕ್ರೋಸ್ ಒಂದು. ಅದನ್ನು ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿಲಿಗ್ರಾಂ, 100 ಮಿಲಿ ಸಲೈನಿನಲ್ಲಿ ಬೆರೆಸಿ 15ರಿಂದ 30 ನಿಮಿಷದಲ್ಲಿ ಕೊಡುತ್ತಾರೆ. ವಾರಕ್ಕೆ ಮೂರು ಸಲಕ್ಕಿಂತ ಜಾಸ್ತಿ ಇಲ್ಲ. ಇನ್ನೊಂದು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಎಫ್‌ಸಿಎಂ ಅನ್ನುತ್ತಾರೆ. ಅದನ್ನು ತೂಕ ನೋಡಿಕೊಂಡು ಒಂದು ಸಲಕ್ಕೆ 1000 ಮಿಲಿಗ್ರಾಂವರೆಗೂ ಕೊಡಬಹುದು, ವಾರಕ್ಕೆ ಅಷ್ಟೇ ಮಿತಿ. ಎರಡೂ ಕಂದು ಬಣ್ಣ. ಒಂದರ ಡೋಸನ್ನು ತಪ್ಪಿ ಇನ್ನೊಂದಕ್ಕೆ ಹಾಕಿದರೆ ಏನಾಗಬಹುದು ಎಂದು ತಮಗೆ ಹೇಳಬೇಕಾಗಿಲ್ಲ. ಆದರೆ ನನ್ನ ಮಗಳ ತಾಯಿ ಕಾರ್ಡಿನಲ್ಲಿ ಬರೆದದ್ದು ಬರೀ ‘ಐರನ್ ಇಂಜೆಕ್ಷನ್ ಕೊಡಲಾಗಿದೆ’ ಎಂದು. ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವ ಬ್ಯಾಚು, ಇನ್ನೆಷ್ಟು ಬಾಕಿ, ಒಂದೂ ಇಲ್ಲ. ನಾಳೆ ಅವಳು ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರು ಅದನ್ನು ನೋಡಿ ಏನು ತಿಳಿಯಬೇಕು?

ಒಬ್ಬ ಹೆಣ್ಣಿಗೆ ಒಟ್ಟು ಎಷ್ಟು ಕಬ್ಬಿಣ ಬೇಕು ಎಂದು ಲೆಕ್ಕ ಹಾಕುವ ಸೂತ್ರ ಇದೆ. ತೂಕ 50 ಕಿಲೋ, ಹಿಮೋಗ್ಲೋಬಿನ್ 7 ಇದೆ, 11ಕ್ಕೆ ಏರಿಸಬೇಕು ಎಂದುಕೊಳ್ಳಿ. 50ನ್ನು ಏರಬೇಕಾದ 4ರಿಂದ, ಮತ್ತೆ ಸೂತ್ರದಲ್ಲಿರುವ 2.4ರಿಂದ ಗುಣಿಸಿದರೆ 480. ಮೈಯಲ್ಲಿ ಸಂಗ್ರಹ ಇರಲಿ ಎಂದು ಅದಕ್ಕೆ 500 ಸೇರಿಸಿದರೆ 980 ಮಿಲಿಗ್ರಾಂ. ಐರನ್ ಸುಕ್ರೋಸ್ ಆದರೆ ಐದು ಸಲ ಆಸ್ಪತ್ರೆಗೆ ಬರಬೇಕು. ಎಫ್‌ಸಿಎಂ ಆದರೆ ಒಂದೇ ಸಲದಲ್ಲಿ ಹೆಚ್ಚುಕಮ್ಮಿ ಮುಗಿಯುತ್ತದೆ. ಘಟ್ಟದ ಅಂಚಿನ ಹಳ್ಳಿಯಿಂದ, ಆಷಾಢದ ಮಳೆಯಲ್ಲಿ, ಐದು ಸಲ ಯಾರು ಬರುತ್ತಾರೆ? ಎರಡು ಸಲ ಬಂದು ನಿಲ್ಲಿಸಿಬಿಡುತ್ತಾರೆ. ದೂರದ ಊರುಗಳ ಗರ್ಭಿಣಿಯರಿಗೆ ಎಫ್‌ಸಿಎಂ ಮೊದಲು ಸಿಗುವ ಹಾಗೆ ತಾವು ದಾಸ್ತಾನು ಹಂಚಿದರೆ ದೊಡ್ಡ ಉಪಕಾರವಾಗುತ್ತದೆ.

ಬ್ಯಾಚ್ ನಂಬರಿನ ಬಗ್ಗೆ ಒತ್ತಿ ಹೇಳುವುದಕ್ಕೂ ಕಾರಣ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡದ್ದನ್ನು ಈ ರಾಜ್ಯದ ಯಾವ ತಾಯಿಯೂ ಮರೆತಿಲ್ಲ. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು. ಆ ಕಂಪನಿಯ ದ್ರಾವಣ ಬಳಸುವುದನ್ನು ಸರ್ಕಾರ ನಿಲ್ಲಿಸಿತು. ರಕ್ತನಾಳಕ್ಕೆ ಇಳಿಯುವ ಯಾವುದೇ ಬಾಟ್ಲಿಯ ಬ್ಯಾಚು ರೋಗಿಯ ಕೈಯಲ್ಲಿರುವ ಕಾಗದದಲ್ಲೇ ಇದ್ದರೆ, ತೊಂದರೆ ಬಂದಾಗ ಯಾರ್ಯಾರಿಗೆ ಅದು ಹೋಗಿದೆ ಎಂದು ಬೇಗ ಹುಡುಕಬಹುದು, ಅಲ್ವಾ?

ಕೈಯ ಕಲೆಯ ವಿಷಯವನ್ನೂ ಸಣ್ಣದು ಎಂದುಕೊಳ್ಳಬೇಡಿ. ಸೂಜಿ ಸರಿಯಾಗಿ ಕೂರದೆ ಔಷಧ ಚರ್ಮದ ಕೆಳಗೆ ಸೋರಿದರೆ ಅಲ್ಲಿ ಕಂದು ಕಲೆ ಬೀಳುತ್ತದೆ. ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹೋಗುವುದಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಒಬ್ಬ ಹೆಣ್ಣುಮಗಳ ಮುಂಗೈಯಲ್ಲಿ ಅಂಥ ಕಲೆ ಇದೆ. ‘ಉರಿಯುತ್ತಿದೆ’ ಎಂದು ಅವಳು ಆಗಲೇ ಹೇಳಿದ್ದಳಂತೆ. ‘ಸ್ವಲ್ಪ ಸಹಿಸ್ಕೋ’ ಅಂದರಂತೆ. ಈಗ ಮದುವೆ ಮನೆಗೆ ಹೋದರೂ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾಳೆ. ಉರಿ, ಊತ ಕಂಡ ಕೂಡಲೇ ನಿಲ್ಲಿಸಿ, ಬೇರೆ ಜಾಗದಲ್ಲಿ ಹೊಸ ಸೂಜಿ ಹಾಕುವುದು ಅಷ್ಟು ಕಷ್ಟದ ಕೆಲಸವಲ್ಲ. ಆದರೆ ಉರಿ ಎಂದು ಹೇಳಿದರೆ ಕೇಳಲು ಹತ್ತಿರ ಯಾರಾದರೂ ಇರಬೇಕು.

ಸರ್ಕಾರಿ ಆಸ್ಪತ್ರೆಯ ಮಾತಾಯಿತು. ಪೇಟೆಯ ಸಣ್ಣ ಕ್ಲಿನಿಕ್ಕುಗಳಲ್ಲಿ ಇನ್ನೂ ಸಲೀಸು. ‘ಶಕ್ತಿ ಬರಲಿ’ ಎಂದು ಒಂದೇ ಬಾಟ್ಲಿಗೆ ಐರನ್, ವಿಟಮಿನ್ ಎಲ್ಲ ಸೇರಿಸಿ ಹಾಕುವವರಿದ್ದಾರೆ. ಐರನ್ ಸುಕ್ರೋಸನ್ನು ಬರೀ ಸಲೈನಿನಲ್ಲಿ ಬೆರೆಸಬೇಕು. ಗ್ಲೂಕೋಸಿನಲ್ಲಿ ಅಲ್ಲ, ಬೇರೆ ಔಷಧದ ಜೊತೆಗೂ ಅಲ್ಲ. ಮನೆಗೇ ಬಂದು ತೊಲೆಗೆ ಬಾಟ್ಲಿ ಕಟ್ಟಿ ಹಾಕಿಹೋಗುವವರೂ ಕೆಲವು ಕಡೆ ಇದ್ದಾರೆ. ಅಲ್ಲಿ ಏನಾದರೂ ಆದರೆ ಅಡ್ರಿನಲಿನ್ ಇಲ್ಲ, ಆಕ್ಸಿಜನ್ ಇಲ್ಲ, ಫೋನಿಗೆ ಸಿಗ್ನಲ್ ಕೂಡ ಇಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ನೋಂದಣಿ ನೋಡುವ ವ್ಯವಸ್ಥೆಯಲ್ಲಿ ತಮ್ಮ ಕಚೇರಿಯೂ ಇದೆ. ಈ ಔಷಧವನ್ನು ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಎಂದು ಆ ಕ್ಲಿನಿಕ್ಕುಗಳಿಗೆ ತಾವು ಸ್ಪಷ್ಟವಾಗಿ ತಿಳಿಸಬೇಕು.

ದೂರದ ಮಾತನ್ನು ಇಲ್ಲಿ ಹೇಳಲೇಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್‌ಗೆ ಸುಮಾರು 60 ಕಿಲೋಮೀಟರ್. ಸಾಗರದಿಂದ ಇನ್ನೂ ಜಾಸ್ತಿ. ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆಯವರಿಗೆ ಲಾಂಚ್ ಕಾಯುವುದು ತಪ್ಪಿತು, ನಿಜ. ಆದರೂ ಮಳೆಗಾಲದಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ, ರಸ್ತೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಹೇಳಲಾಗದು. ಬೆಂಗಳೂರಿನಲ್ಲಿ ರಿಯಾಕ್ಷನ್ ಆದರೆ ಪಕ್ಕದ ಬೀದಿಯಲ್ಲಿ ದೊಡ್ಡ ಆಸ್ಪತ್ರೆ ಇರುತ್ತದೆ. ಇಲ್ಲಿ ಡ್ರಿಪ್ ಮುಗಿದ ಹತ್ತು ನಿಮಿಷಕ್ಕೆ ಬಸ್ ಹತ್ತಿ, ಕಾಡಿನ ನಡುವೆ ಉಸಿರು ಕಟ್ಟಿದರೆ ಯಾರೂ ಏನೂ ಮಾಡಲಾಗದು. ಅದಕ್ಕೇ ಆ 30 ನಿಮಿಷ ನಮಗೆ ಬೇರೆಯವರಿಗಿಂತ ಹೆಚ್ಚು ಬೇಕು.

ಮನೆಗೆ ಹೋದ ಮೇಲೆ ಏನಾಗಬಹುದು ಎಂದೂ ಹೇಳಿ ಕಳಿಸಬೇಕು. ಒಂದೆರಡು ದಿನ ತಲೆನೋವು, ಕೀಲುನೋವು, ಸ್ವಲ್ಪ ಜ್ವರ ಕೆಲವರಿಗೆ ಬರುತ್ತದೆ, ಹೆಚ್ಚಾಗಿ ತಾನೇ ಹೋಗುತ್ತದೆ. ಆದರೆ ನಮ್ಮಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರದ, ಅಂದರೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಆ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗಿ ಬರುವ ಮನೆಯವರಿಗೆ ಜ್ವರ ಬಂದರೆ ‘ಅದು ಬಾಟ್ಲಿ ಜ್ವರ, ಸುಮ್ನೆ ಇರು’ ಎಂದು ಬಿಡಬಾರದು, ಪರೀಕ್ಷೆ ಮಾಡಿಸಬೇಕು. ಡ್ರಿಪ್ ನಡೆಯುವ ದಿನಗಳಲ್ಲಿ ಕಬ್ಬಿಣದ ಮಾತ್ರೆ ನಿಲ್ಲಿಸಬೇಕೇ, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನೂ ಹೇಳಬೇಕು. ನನ್ನ ಮಗಳಿಗೆ ಯಾರೂ ಹೇಳಲಿಲ್ಲ. ಕೊನೆಯ ಡ್ರಿಪ್ ಆಗಿ ಕನಿಷ್ಠ ಐದು ದಿನ ಬಿಟ್ಟು ಮಾತ್ರೆ ಶುರು ಮಾಡಬೇಕು ಎಂದು ನಾವು ತಿಳಿದದ್ದು ಆ ಡಬ್ಬಿಯ ಚೀಟಿಯಿಂದ. ಅದೂ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಐರನ್ ಡ್ರಿಪ್‌ಗಳನ್ನು ಒಂಬತ್ತನೇ ತಾರೀಖಿನ ಗದ್ದಲಕ್ಕೆ ಸೇರಿಸಬೇಡಿ. ಅವತ್ತು ತಪಾಸಣೆ ಆಗಲಿ, ಡ್ರಿಪ್‌ಗೆ ವಾರದಲ್ಲಿ ಬೇರೆ ದಿನ ಗೊತ್ತು ಮಾಡಿ, ಬೆಳಿಗ್ಗೆಯೇ ಶುರು ಮಾಡಿಸಿ. ಆಗ ಕೊನೆಯ ಅರ್ಧ ಗಂಟೆ ಕೂತರೂ ಬಸ್ಸು ತಪ್ಪುವುದಿಲ್ಲ. ಒಬ್ಬ ಸಿಸ್ಟರ್ ನೋಡಿಕೊಳ್ಳಲು ಆಗುವಷ್ಟೇ ಜನರಿಗೆ ಒಂದು ಸಲಕ್ಕೆ ಹಾಕಲಿ, ಆ ಹೊತ್ತಿನಲ್ಲಿ ಅವರನ್ನು ಹೆರಿಗೆ ಕೋಣೆಗೆ ಕರೆಯಬಾರದು ಎಂದು ಆದೇಶ ಮಾಡಿ. ಸಿಬ್ಬಂದಿ ಕೊರತೆ ನಿಜ. ಹಾಗಿದ್ದರೆ ಎಲ್ಲ ಕಡೆ ಹಾಕುವ ಬದಲು ತಾಲೂಕಿಗೆ ಕೆಲವೇ ಕಡೆ, ಸರಿಯಾಗಿ ಹಾಕಲಿ. ಡ್ರಿಪ್ ಹಾಕುವ ಪ್ರತಿ ಕೋಣೆಯಲ್ಲಿ ಅಡ್ರಿನಲಿನ್, ಸಿರಿಂಜು, ಆಕ್ಸಿಜನ್, ಸಲೈನ್ ಒಂದೇ ಟ್ರೇಯಲ್ಲಿ ಬೀಗವಿಲ್ಲದೆ ಇರಲಿ. ಡಾಕ್ಟರು ಬರುವವರೆಗೆ ಕಾಯದೆ ಮೊದಲ ಸೂಜಿಯನ್ನು ಸಿಸ್ಟರ್ ಕೊಡಬಹುದು ಎಂದು ಲಿಖಿತವಾಗಿ ಧೈರ್ಯ ಕೊಡಿ. ಅದು ಇಲ್ಲದ್ದಕ್ಕೇ ಅವರು ಹೆದರಿ ಏವಿಲ್‌ಗೆ ಕೈ ಹಾಕುತ್ತಾರೆ ಎಂದು ನನ್ನ ಅನಿಸಿಕೆ.

ತಾಯಿ ಕಾರ್ಡಿನಲ್ಲಿ ಔಷಧದ ಹೆಸರು, ಮಿಲಿಗ್ರಾಂ, ಬ್ಯಾಚು, ತಾರೀಖು ಬರೆಯುವುದು ಕಡ್ಡಾಯವಾಗಲಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಪುಟದ ತಿಳಿವಳಿಕೆ ಚೀಟಿ ಪ್ರತಿ ಗರ್ಭಿಣಿಗೂ ಸಿಗಲಿ. ಟ್ಯೂಬಿನ ಗಾಲಿಯನ್ನು ಮನೆಯವರು ಮುಟ್ಟಬಾರದು ಎಂದು ಅದರಲ್ಲಿ ಮೊದಲ ಸಾಲಿನಲ್ಲೇ ಇರಲಿ. ಆದ ಪ್ರತಿ ರಿಯಾಕ್ಷನ್ನನ್ನೂ ಔಷಧ ಸುರಕ್ಷತೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ವರದಿ ಮಾಡಿಸಿ. 1800-180-3024 ಎಂಬ ಉಚಿತ ಸಹಾಯವಾಣಿಗೆ ರೋಗಿಗಳೇ ತಿಳಿಸಬಹುದು ಎಂಬುದು ನಮ್ಮ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ. ಆ ನಂಬರನ್ನು ವಾರ್ಡಿನ ಗೋಡೆಯ ಮೇಲೆ ಬರೆಸಿ. ವರದಿ ಮಾಡಿದವರ ಮೇಲೆ ಶಿಸ್ತು ಕ್ರಮ ಎಂಬ ಹೆದರಿಕೆ ಇರಬಾರದು. ಆ ಹೆದರಿಕೆ ಇದ್ದರೆ ತಮ್ಮ ಮೇಜಿಗೆ ನಿಜ ಬರುವುದೇ ಇಲ್ಲ.

ಇದನ್ನು ಓದುವ ಅಕ್ಕತಂಗಿಯರಿಗೂ ಎರಡು ಮಾತು. ಡ್ರಿಪ್ ಬೇಡ ಎಂದು ಹೆದರಿ ಮನೆಯಲ್ಲಿ ಕೂರಬೇಡಿ. ಉಬ್ಬಸ, ಅಲರ್ಜಿ, ಜ್ವರ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ಡ್ರಿಪ್ ನಡೆಯುವಾಗ ತುರಿಕೆ, ಎದೆ ಬಿಗಿತ, ತಲೆ ಸುತ್ತು, ಕೈಯಲ್ಲಿ ಉರಿ, ಏನೇ ಆದರೂ ಸಂಕೋಚ ಮಾಡದೆ ಕೂಗಿ. ‘ಆಯ್ತು, ಹೊರಡಿ’ ಎಂದರೂ ಅರ್ಧ ಗಂಟೆ ಅಲ್ಲೇ ಕೂತಿರಿ.

ಮಾನ್ಯರೇ, ಈ ಮಳೆಗಾಲಕ್ಕೆ ಮೊದಲು ಏಳೂ ತಾಲೂಕುಗಳ ಡ್ರಿಪ್ ಕೋಣೆಗಳನ್ನು ಒಮ್ಮೆ ತಾವೇ ಹೋಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಹೇಳದೆ ಹೋಗಿ. ಟ್ರೇ ಎಲ್ಲಿದೆ ಎಂದು ಕೇಳಿ, ಅದು ಕೈಗೆ ಬರಲು ಎಷ್ಟು ಹೊತ್ತು ಬೇಕಾಯಿತು ಎಂದು ಗಡಿಯಾರ ನೋಡಿ. ತಾವು ಕೈಗೊಂಡ ಕ್ರಮವನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಚನಾ ಫಲಕದಲ್ಲಿ ಹಾಕಿಸಿದರೆ ನಾವು ನಮ್ಮ ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಅದನ್ನು ಓದಿ ಹೇಳುತ್ತೇವೆ. ಹೆದರಿ ಮನೆಯಲ್ಲಿ ಕೂತ ಗರ್ಭಿಣಿಯರನ್ನು ಆಸ್ಪತ್ರೆಗೆ ನಾವೇ ಕರೆದುಕೊಂಡು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ತಾಯಿ